ದೊಡ್ಡವರು ಮಾರಿದ ಮೇಲೆ

ಮೂಡಿಗೆರೆಯ ಗೊಬ್ಬರದಂಗಡಿ ಪ್ರಸನ್ನಕುಮಾರರಿಗೆ ಶೇರಿನ ಹುಚ್ಚು ಹತ್ತಿದ್ದು ಕಾಫಿಯ ದೆಸೆಯಿಂದ ಎಂದರೆ ಯಾರೂ ನಂಬಲಿಕ್ಕಿಲ್ಲ. ಅಂಗಡಿಯ ಬೆಂಚಿನ ಮೇಲೆ ಕೂರುವ ಸಣ್ಣ ಬೆಳೆಗಾರರದ್ದೆಲ್ಲ ಒಂದೇ ಲೆಕ್ಕ. ದೊಡ್ಡ ಎಸ್ಟೇಟಿನ ಪರಮೇಶ್ವರಪ್ಪನವರ ಲಾರಿ ಪಾರ್ಚ್‌ಮೆಂಟ್ ಕಾಫಿ ಹೇರಿಕೊಂಡು ಚಿಕ್ಕಮಗಳೂರಿಗೆ ಹೊರಟಿತೆಂದರೆ ಇವರೂ ಕಾಫಿ ಮಾರುವುದು, ಲಾರಿ ಶೆಡ್ಡಿನಲ್ಲೇ ನಿಂತಿದ್ದರೆ ಇವರೂ ಸುಮ್ಮನಿರುವುದು. ದೊಡ್ಡವರಿಗೆ ಗೊತ್ತಿರುತ್ತದೆ ಎನ್ನುವುದು ಬೆಂಚಿನ ಸಿದ್ಧಾಂತ. ಪ್ರಸನ್ನಕುಮಾರರು ಅದನ್ನು ಹಾಗೇ ಎತ್ತಿ ಮುಂಬೈ ಪೇಟೆಗೆ ಹಚ್ಚಿದರು.

ಅವರು ಹಿಡಿದದ್ದು ಸಮುದ್ರದಲ್ಲಿ ಎಣ್ಣೆಬಾವಿ ಕೊರೆದುಕೊಡುವ ಒಂದು ಕಂಪನಿಯ ಶೇರು. ಸಮುದ್ರವನ್ನೇ ಅವರು ಮಂಗಳೂರಿಗೆ ಹೋದಾಗ ಒಮ್ಮೆ ನೋಡಿದ್ದು. ಆದರೆ ವಿದೇಶಿ ಫಂಡುಗಳು ಅದರಲ್ಲಿ ಎಷ್ಟು ಪಾಲು ಕೊಂಡವು, ಎಷ್ಟು ಬಿಟ್ಟವು ಎನ್ನುವ ಪಟ್ಟಿ ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ಬಸ್ ಸ್ಟ್ಯಾಂಡಿನ ಬ್ರೌಸಿಂಗ್ ಸೆಂಟರಿನಲ್ಲಿ ಅದನ್ನು ಪ್ರಿಂಟ್ ಹಾಕಿಸಿ, ಯೂರಿಯಾ ಮೂಟೆಯ ಮೇಲೆ ಹರಡಿ, ಕೇಳಿದವರಿಗೂ ಕೇಳದವರಿಗೂ ಓದಿ ಹೇಳುತ್ತಿದ್ದರು. 2007ರಲ್ಲಿ ಫಂಡುಗಳು ಕೊಳ್ಳುತ್ತಲೇ ಹೋದವು, ಶೇರು ಏರುತ್ತಲೇ ಹೋಯಿತು, ಪ್ರಸನ್ನಕುಮಾರರ ನಡಿಗೆಯೇ ಬದಲಾಯಿತು.

ಎದುರುಗಡೆ ಹೋಟೆಲಿನ ಯಲ್ಲಮ್ಮ ನಂಬಿದ್ದು ಆ ನಡಿಗೆಯನ್ನು. ಕುದುರೆಮುಖದ ಗಣಿ ನಿಂತು, ಗಂಡನೂ ತೀರಿಕೊಂಡು, ಕ್ವಾರ್ಟರ್ಸ್ ಬಿಟ್ಟು ಬಂದವಳು. ಗಂಡನ ದುಡ್ಡಿನಲ್ಲಿ ಒಂದು ಸೈಟು ಕೊಳ್ಳಬೇಕು, ಯಾರೂ ಬಂದು ಖಾಲಿ ಮಾಡಿ ಅನ್ನದ ಒಂದು ಸೂರು ಬೇಕು ಎನ್ನುವುದೊಂದೇ ಅವಳ ಆಸೆ. ದುಡ್ಡು ಇನ್ನಷ್ಟು ಬೆಳೆಯಲಿ ಎಂದು ಎಲ್ಲವನ್ನೂ ಇವರ ಮೂಲಕ ಅದೇ ಶೇರಿಗೆ ಹಾಕಿದಳು.

2008ರ ಜನವರಿಯಲ್ಲಿ ಪೇಟೆ ಕುಸಿಯಿತು. ಪಟ್ಟಿ ತೆಗೆದರೆ ಫಂಡುಗಳ ಪಾಲು ಮೊದಲಿಗಿಂತ ಹೆಚ್ಚೇ ಇತ್ತು.

"ದೊಡ್ಡೋರೇ ಅಲ್ಲಾಡಿಲ್ಲ ಮಾರಾಯ್ತಿ, ನೀನ್ಯಾಕೆ ಹೆದರ್ತೀಯ?" ಎಂದರು ಪ್ರಸನ್ನಕುಮಾರರು.

ಅದು ಡಿಸೆಂಬರ್ ಕೊನೆಯ ಲೆಕ್ಕ ಎನ್ನುವುದು ಕಾಗದದ ಮೇಲೇ ಇತ್ತು. ಪರಮೇಶ್ವರಪ್ಪನವರ ಲಾರಿಯಾದರೆ ಕಣ್ಣೆದುರೇ ಹೋಗುತ್ತದೆ. ಈ ದೊಡ್ಡವರು ಹೋದದ್ದು ಗೊತ್ತಾಗುವುದು ಹೋಗಿ ಎಷ್ಟೋ ದಿನಗಳಾದ ಮೇಲೆ. ಇಷ್ಟು ಸಣ್ಣ ವಿಷಯ ನಮ್ಮ ಬುದ್ಧಿವಂತರ ತಲೆಗೆ ಹೋಗಲಿಲ್ಲ.

ಏಪ್ರಿಲಿನ ಪಟ್ಟಿಯಲ್ಲಿ ಫಂಡುಗಳ ಪಾಲು ಅರ್ಧಕ್ಕಿಳಿದಿತ್ತು. ಪ್ರಸನ್ನಕುಮಾರರು ಆ ಪ್ರಿಂಟನ್ನು ಯಾರಿಗೂ ಓದಿ ಹೇಳಲಿಲ್ಲ. ಬ್ರೋಕರಿಗೆ ಫೋನ್ ಮಾಡಿ ತಮ್ಮದನ್ನೆಲ್ಲ ಮಾರಿದರು. ಹಾಕಿದ ದುಡ್ಡಾದರೂ ಕೈಗೆ ಬಂತು. ಯಲ್ಲಮ್ಮನಿಗೆ ಸಂಜೆ ಹೇಳಿದರಾಯಿತು ಎಂದುಕೊಂಡರು.

ಸಂಜೆ ಅವಳೇ ಬಂದಳು. "ಪಟ್ಟಿ ಬಂತಂತಲ್ಲ ಪ್ರಸನ್ನಣ್ಣ, ಎಂತ ಕಥೆ? ನೀವು ಮಾರಿದ್ರಾ?"

ಬೆಂಚಿನ ತುಂಬ ಜನ. ವರ್ಷವಿಡೀ ಇವರ ಭಾಷಣ ಕೇಳಿದವರು. ಯೋಚಿಸುವುದರೊಳಗೆ ಪ್ರಸನ್ನಕುಮಾರರ ಬಾಯಿಂದ ಬಂದಾಗಿತ್ತು: "ಇಲ್ಲಪ್ಪ, ನಾನ್ಯಾಕೆ ಮಾರ್ಲಿ?"

"ಹಂಗಾದ್ರೆ ನಾನೂ ಮಾರಲ್ಲ ಬಿಡಿ."

ಹಾಳು ಮರ್ಯಾದೆ! ಅವತ್ತು ಹೇಳಿದ್ದರೆ ಅವಳ ಸೈಟಿನ ದುಡ್ಡು ಉಳಿಯುತ್ತಿತ್ತು. ಒಬ್ಬಳೇ ಸಿಕ್ಕಾಗ ಹೇಳೋಣ ಎಂದುಕೊಂಡರು. ಒಬ್ಬಳೇ ಸಿಕ್ಕಾಗ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂದು ಮಾತು ಬದಲಿಸಿದರು. ಹೀಗೇ ಮಳೆಗಾಲ ಕಳೆಯಿತು. ದೀಪಾವಳಿಯ ಹೊತ್ತಿಗೆ ಆ ಶೇರನ್ನು ಕೇಳುವವರೇ ಇರಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಪ್ರಸನ್ನಕುಮಾರರು ಹೇಳಿಯೇ ಬಿಡುತ್ತೇನೆಂದು ಹೋಟೆಲಿಗೆ ಹೋದರು. ಯಲ್ಲಮ್ಮ ಅತ್ತು ಮುಗಿಸಿದ್ದಳು. ಬಿಸಿ ಅಕ್ಕಿರೊಟ್ಟಿ, ಚಟ್ನಿ ತಂದಿಟ್ಟಳು. ಇವರು ಜೇಬಿಗೆ ಕೈ ಹಾಕಿದರೆ ತಡೆದಳು.

"ಬೇಡ ಪ್ರಸನ್ನಣ್ಣ. ನಂದೂ ಹೋಯ್ತು, ನಿಮ್ದೂ ಹೋಯ್ತು. ನನ್ ಹೋಟ್ಲಲ್ಲಿ ರೊಟ್ಟಿಗೇನೂ ಬರ ಇಲ್ಲ. ನೀವು ತಿನ್ನಿ."

ಪ್ರಸನ್ನಕುಮಾರರು ತಲೆ ತಗ್ಗಿಸಿ ಪೂರ್ತಿ ತಿಂದರು.