ದ್ಯಾವಕ್ಕನ ಕಜ್ಜಾಯ ಮತ್ತು ಅವ್ವನ ಹೊಟ್ಟೆನೋವು

ಆಗೆಲ್ಲ ನಮ್ಮೂರಲ್ಲಿ ಹೊಟ್ಟೆನೋವಿಗೆ ಎರಡೇ ಕಾರಣ. ಒಂದು ದಿನದ್ದಾದರೆ ಅಜೀರ್ಣ. ಓಮದ ನೀರು ಕುಡಿದರೆ ಮುಗಿಯಿತು. ಬಿಟ್ಟು ಬಿಟ್ಟು ಬಂದರೆ ಮದ್ದು. ಮದ್ದೆಂದರೆ ವಾಸಿ ಮಾಡುವಂಥದ್ದಲ್ಲ. ಆಗದವರು ತಿಂಡಿಯಲ್ಲಿ ಕಲೆಸಿ ತಿನ್ನಿಸುವಂಥದ್ದು. ಹೊಟ್ಟೆಯಲ್ಲಿ ಕೂತು ಮನುಷ್ಯನನ್ನು ನಿಧಾನಕ್ಕೆ ಮುಗಿಸುತ್ತದೆ ಎಂದು ನಂಬಿದ್ದೆವು. ಮದ್ದು ಹಾಕುವುದನ್ನು ಕಂಡವರು ಯಾರೂ ಇರಲಿಲ್ಲ. ಹಾಕಿದ್ದಾರೆಂದು ಹೇಳುವವರು ಮನೆಗೊಬ್ಬರಿದ್ದರು.

ಬಿಳಗಿಯ ಹತ್ತಿರ ನಮ್ಮದು ಗದ್ದೆ ಮಾಡುವ ಮನೆ. ಪಕ್ಕದಲ್ಲಿ ದ್ಯಾವಕ್ಕ. ಗಂಡ ಸತ್ತವಳು, ಮಕ್ಕಳಿಲ್ಲದವಳು. ಎರಡು ಹಿತ್ತಲುಗಳ ನಡುವೆ ಮುಳ್ಳಿನ ಬೇಲಿ, ಬೇಲಿಯಲ್ಲಿ ಕಾಲೆತ್ತಿ ದಾಟುವಷ್ಟು ತಡಮೆ. ಆ ತಡಮೆ ದಾಟಿದಷ್ಟು ಸಲ ನಾನು ಶಾಲೆಯ ಹೊಸ್ತಿಲು ದಾಟಿಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟೆ.

ಸುಗ್ಗಿ ಮುಗಿದ ಚಳಿಗಾಲ ಈಗಲೂ ಕಣ್ಣು ಮುಚ್ಚಿದರೆ ಬರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಗದ್ದೆ ಇಲ್ಲ, ದಾರಿ ಇಲ್ಲ, ಎತ್ತಿನ ಕೊರಳ ಗಂಟೆ ಮಾತ್ರ ಇತ್ತು. ಒಟ್ಟಿದ ಹುಲ್ಲಿನ ಗೊಣಬೆಯ ಮೇಲಿಂದ ಜಾರಿ ಜಾರಿ ಮೈಯೆಲ್ಲ ತುರಿಕೆ. ಆ ಬಿಳಿಯೊಳಗಿಂದ ಬೆಲ್ಲವೂ ಎಳ್ಳೂ ಎಣ್ಣೆಯಲ್ಲಿ ಬೇಯುವ ಪರಿಮಳ ತೇಲಿ ಬಂದರೆ, ದ್ಯಾವಕ್ಕ ಕಜ್ಜಾಯ ಕರಿಯುತ್ತಿದ್ದಾಳೆ ಎಂದು ತಿಳಿಯುತ್ತಿತ್ತು. ನಮ್ಮ ಮನೆಯಲ್ಲಿ ಒಗ್ಗರಣೆಗೇ ಎಣ್ಣೆ ಅಳೆದು ಹಾಕುವುದು. ಕರಿಯುವುದು ಅವಳ ಮನೆಯಲ್ಲಿ ಮಾತ್ರ, ಅವಳಿಗೆ ನಾಲ್ಕು ತೆಂಗಿನ ಮರ ಇದ್ದವು. ಬಾಣಲೆಯ ಮೊದಲ ಕಜ್ಜಾಯ ನನಗೆ. ಮುರಿದು, ಊದಿ, ಕೈಗೆ ಹಾಕುತ್ತಿದ್ದಳು.

"ಬಾಯಿ ಸುಟ್ಕಂಡ್ರೆ ನಿನ್ ಅವ್ವ ನನ್ ಕೊಲ್ತಾಳೆ, ತಡ್ಕ ಹೆಣ್ಣೇ!"

ಅವ್ವನಿಗೂ ಎಲೆಯಲ್ಲಿ ಕಟ್ಟಿ ಕೊಡುತ್ತಿದ್ದಳು. ಹೊಸ ಅಕ್ಕಿ ಬಂದ ಮೇಲೆ ಒಂದು ದಿನ ಕರೆದು ಕೋಳಿಸಾರು ಕಜ್ಜಾಯದ ಊಟವನ್ನೇ ಹಾಕಿದಳು. ಅವ್ವ ಬೆರಳು ನೆಕ್ಕಿ ಉಂಡಳು. ಮನೆಗೆ ಬಂದು ಒಂದು ತಾಸಿಗೆ ಎದೆಗೂಡಿನ ಕೆಳಗೆ ಕೈ ಒತ್ತಿಕೊಂಡು ಮುದುಡಿ ಮಲಗಿದಳು. ನೋವು ಬೆನ್ನಿಗೆ ಹೊಡೆಯುತ್ತಿತ್ತು. ಬಿಸಿ ಇಟ್ಟಿಗೆ ಬಟ್ಟೆಯಲ್ಲಿ ಸುತ್ತಿ ಇಟ್ಟೆವು. ಸಂಜೆ ಹೊತ್ತಿಗೆ ತಾನಾಗಿ ಹೋಯಿತು. ವಾರ ಕಳೆದು ಮತ್ತೆ ಬಂತು. ಮತ್ತೂ ಬಂತು.

ಅಪ್ಪ ಹೊಳೆಯಾಚೆಯಿಂದ ಮದ್ದು ತೆಗೆಯುವ ಅಜ್ಜನನ್ನು ಕರೆತಂದ. ಅಜ್ಜ ಜಗಲಿಯಲ್ಲಿ ಕೂತು, ಎಲೆಯಡಿಕೆಯ ಕವಳ ಹಾಕಿಕೊಂಡು, ಅವ್ವನ ಕಣ್ಣಿನ ರೆಪ್ಪೆ ಎಳೆದು ನೋಡಿದ.

"ಯಾರ ಮನೇಲಿ ಉಂಡಾಗ ಬರ್ತದೆ ಮಗಾ?"

ಅವ್ವ ತಲೆ ತಗ್ಗಿಸಿದಳು. ನಾನು ಹೇಳಿದೆ.

"ದ್ಯಾವಕ್ಕನ ಮನೆ ಕಜ್ಜಾಯ ತಿಂದಾಗೆಲ್ಲ."

ಸುಳ್ಳಲ್ಲ. ನಾನೊಬ್ಬಳೇ ಲೆಕ್ಕ ಇಟ್ಟಿದ್ದೆ ಎಂಬ ಜಂಬವೂ ಇತ್ತು. ಅಜ್ಜ ನನ್ನ ತಲೆ ಸವರಿ, "ಇದು ಚುರುಕದೆ" ಎಂದ.

ಎಂಥದೋ ಸೊಪ್ಪಿನ ರಸ ಕುಡಿಸಿದ. ಅವ್ವ ಕರುಳು ಬಾಯಿಗೆ ಬರುವಂತೆ ವಾಂತಿ ಮಾಡಿದಳು. ಅಜ್ಜ ಅದರಲ್ಲಿ ಕಡ್ಡಿಯಾಡಿಸಿ, ಕೂದಲುಂಡೆಯಂಥ ಕಪ್ಪಗಿನದೊಂದನ್ನು ಬಾಳೆಎಲೆಗೆ ಎತ್ತಿ ಎಲ್ಲರಿಗೂ ತೋರಿಸಿದ. ನಲವತ್ತೆಂಟು ದಿನ ಪಥ್ಯ ಹೇಳಿದ. ಎಣ್ಣೆ ಇಲ್ಲ, ಜಿಡ್ಡಿಲ್ಲ, ಕೋಳಿ ಇಲ್ಲ. ಬರೀ ಗಂಜಿ.

ಅಪ್ಪ ಅದೇ ದಿನ ತಡಮೆಗೆ ಮುಳ್ಳು ತುರುಕಿದ.

ಮರುದಿನ ದ್ಯಾವಕ್ಕ ರಸ್ತೆ ಸುತ್ತಿ ನಮ್ಮ ಅಂಗಳಕ್ಕೆ ಬಂದಳು. ಸೆರಗಿನಲ್ಲಿ ಒಂದು ಕಜ್ಜಾಯ. ಅರ್ಧ ಮುರಿದು ನಮ್ಮೆದುರೇ ಬಾಯಿಗೆ ಹಾಕಿಕೊಂಡಳು.

"ನಾನು ಮದ್ದು ಹಾಕೀನಾ ತಂಗೀ? ನಿನ್ ಬಾಣಂತನ ಮಾಡಿದ ಕೈ ಇದು. ತಗ, ಉಳಿದರ್ಧ ನಿನ್ ಮಗಳೇ ತಿನ್ಲಿ. ಏನಾಗ್ತದೆ ಕಾಣುವ."

ನಾನು ಕೈ ಚಾಚಿದೆ. ಅವ್ವ ಬಂದು ಅದನ್ನು ಬಡಿದು ಬೀಳಿಸಿದಳು. "ನಮ್ ಮನೆ ಮೆಟ್ಲು ಹತ್ತಬೇಡ" ಎಂದಳು. ದ್ಯಾವಕ್ಕ ನನ್ನ ಕಡೆ ನೋಡಿದಳು. ನಾನು ಕಾಲಿನ ಹೆಬ್ಬೆರಳು ನೋಡಿಕೊಂಡೆ. ಅವಳು ಹೊರಟುಹೋದಳು.

ಬಿದ್ದ ಅರ್ಧ ಕಜ್ಜಾಯವನ್ನು ನಮ್ಮ ಹ್ಯಾಟೆ ಕೋಳಿ ಕುಕ್ಕಿ ಕುಕ್ಕಿ ತಿಂದು ಮುಗಿಸಿತು.

ಆ ಕೋಳಿಯನ್ನು ನಾನು ಎಂಟು ದಿನ ಕಾದೆ. ಇಬ್ಬನಿಯಲ್ಲಿ ಅದರ ಹಿಂದೆಯೇ ಅಲೆದೆ. ಗೊಣಬೆಯ ಬುಡದಲ್ಲಿ ಕೆದರಿತು, ಮಣ್ಣಿನಲ್ಲಿ ಹೊರಳಿತು, ಮೊಟ್ಟೆ ಇಟ್ಟಿತು. ಸಾಯಲಿಲ್ಲ. ಒಂಬತ್ತನೇ ದಿನ ಅಪ್ಪನಿಗೆ ಹೇಳಬೇಕೆಂದು ಹೋದೆ. ಅಪ್ಪ ಯಾರೊಡನೆಯೋ, "ಪಥ್ಯ ಹಿಡಿದದ್ದೇ ನೋವು ಮಾಯ. ಇನ್ನೆಂತ ಸಾಕ್ಷಿ ಬೇಕು ಮಾರಾಯಾ?" ಎನ್ನುತ್ತಿದ್ದ. ನಿಜವೇ, ಅವ್ವನ ನೋವು ಹೋಗಿತ್ತು. ನಾನು ವಾಪಸು ಬಂದೆ. ಕೋಳಿಯ ವಿಷಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ದ್ಯಾವಕ್ಕ ಬಾವಿಗೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು. ಮಳೆಗಾಲಕ್ಕೆ ಮೊದಲೇ ದ್ಯಾವಕ್ಕ ದಾಸನಕೊಪ್ಪದ ಕಡೆ ತಮ್ಮನ ಮನೆಗೆ ಹೋದಳು. ಅಲ್ಲೇ ಸತ್ತಳಂತೆ. ಅವ್ವ ಸಾಯುವವರೆಗೂ ಕರಿದದ್ದು ಮುಟ್ಟಲಿಲ್ಲ. ನೋವೂ ಬರಲಿಲ್ಲ. ಹಾಗಾಗಿ ಸಂಶಯಕ್ಕೆ ಜಾಗವೇ ಉಳಿಯಲಿಲ್ಲ. ಆ ಹಿತ್ತಲಿಗೆ ಮದ್ದಿನ ಹಿತ್ತಲು ಎಂದೇ ಹೆಸರಾಯಿತು.

ಅಜ್ಜಿಯಾದ ಮೇಲೆ ನನಗೂ ಅದೇ ನೋವು ಶುರುವಾಯಿತು. ಮೊಮ್ಮಗನ ನಾಮಕರಣದಲ್ಲಿ ವಡೆ ತಿಂದ ಒಂದು ತಾಸಿಗೆ, ಅದೇ ಜಾಗ, ಅದೇ ಬೆನ್ನಿಗೆ ಹೊಡೆಯುವುದು. ನೆಂಟರವಳೊಬ್ಬಳು ಕಿವಿಯಲ್ಲಿ, "ವಡೆ ಯಾರು ಬಡಿಸಿದ್ದು ಅತ್ತೇ?" ಎಂದಳು. ಬಡಿಸಿದ್ದು ನನ್ನ ಸೊಸೆ. "ಬಾಯಿ ಮುಚ್ಚೇ" ಎಂದೆ. ಆ ಸೊಸೆಯೇ ಶಿರಸಿಗೆ ಕರೆದೊಯ್ದು ಸ್ಕ್ಯಾನಿಂಗ್ ಮಾಡಿಸಿದಳು.

ಡಾಕ್ಟರಮ್ಮ ಚಿಕ್ಕ ಹುಡುಗಿ. "ಅಜ್ಜಿ, ಪಿತ್ತಕೋಶದಲ್ಲಿ ಕಲ್ಲುಗಳಿವೆ. ಜಿಡ್ಡು ತಿಂದಾಗ ಅದು ಹಿಂಡಿಕೊಳ್ಳುತ್ತೆ, ಆಗ ನೋವು. ಆಪರೇಷನ್ ಆಗುವವರೆಗೆ ಎಣ್ಣೆ, ಜಿಡ್ಡು, ಮಾಂಸ ಬಿಡಿ. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಆಗಿತ್ತಾ?"

ಮದ್ದು ತೆಗೆಯುವ ಅಜ್ಜನ ಪಥ್ಯವನ್ನೇ ಹೇಳಿದಳು. "ಅವ್ವನಿಗಿತ್ತು" ಎಂದೆ.

ಆಪರೇಷನ್ ಮಾಡಿ ಕಲ್ಲುಗಳನ್ನು ಒಂದು ಪುಟ್ಟ ಬಾಟಲಿಯಲ್ಲಿ ಹಾಕಿ ಕೊಟ್ಟರು. ಹೆಸರುಕಾಳಿನಷ್ಟು ಇವೆ. ಮದ್ದಿನ ಹಿತ್ತಲು ಎಂದವರಿಗೆಲ್ಲ ಬಾಟಲಿ ಅಲ್ಲಾಡಿಸಿ ತೋರಿಸುತ್ತೇನೆ. ಹುಡುಗರು ನಗುತ್ತಾರೆ. ಅವರಿಗೆ ದ್ಯಾವಕ್ಕ ಯಾರೆಂದೇ ಗೊತ್ತಿಲ್ಲ. ಗೊತ್ತಿದ್ದವರು ಒಬ್ಬರೂ ಉಳಿದಿಲ್ಲ.

ಈಗ ಸ್ವಲ್ಪ ಸ್ವಲ್ಪ ಕರಿದದ್ದು ತಿನ್ನಬಹುದಂತೆ. ಸೊಸೆ ಕಜ್ಜಾಯ ಮಾಡಿದ್ದಳು, ಚೆನ್ನಾಗಿಯೇ ಇತ್ತು. ಅರ್ಧ ತಿಂದೆ. ಉಳಿದರ್ಧವನ್ನು ಅಂಗಳದಲ್ಲಿ ಕೋಳಿಗೆ ಹಾಕಿದೆ. ಕಲ್ಲು ಕಂಡದ್ದು ಡಾಕ್ಟರಮ್ಮ. ಸಾಯದೆ ಉಳಿದ ಕೋಳಿಯನ್ನು ನಾನು ಆಗಲೇ ಕಂಡಿದ್ದೆ.