ಎರಡನೇ ರಾಣಿ

ಆಗೆಲ್ಲ ಮಳೆಗಾಲ ಅಂದರೆ ತೆಂಗಿನಗುಂಡಿಯ ಗಂಡಸರು ಮನೆಯಲ್ಲೇ ಕೂರುವ ಕಾಲ. ದೋಣಿಗಳು ದಡ ಹತ್ತಿದರೆ ಎರಡು ತಿಂಗಳು ಇಳಿಯುತ್ತಿರಲಿಲ್ಲ. ಅಪ್ಪ ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ. ಬೇಸರ ಬಂದಾಗ ನನ್ನನ್ನು ಕರೆದು ರಟ್ಟಿನ ಚೆಸ್ ಹಲಗೆ ಬಿಡಿಸುತ್ತಿದ್ದ. ಎರಡು ಸಾವಿರದ ಇಸವಿಯ ಆಸುಪಾಸು, ನನಗೆ ಹನ್ನೆರಡು ವರ್ಷ. ಮೂಗಿನ ತುದಿಯಲ್ಲೇ ಸಿಟ್ಟು.

ಮನೆಗೆ ಪೇಪರ್ ತರಿಸುವ ಪದ್ಧತಿ ಇರಲಿಲ್ಲ. ಅಮ್ಮ ಭಟ್ಕಳ ಪೇಟೆಯಲ್ಲಿ ಒಣಮೀನು ಮಾರುತ್ತಿದ್ದಳು, ಕಟ್ಟಿಕೊಡಲು ರದ್ದಿ ಪೇಪರಿನ ಕಟ್ಟು ತರುತ್ತಿದ್ದಳು. ಅದರಲ್ಲಿ ವಾರಕ್ಕೊಂದು ಚೆಸ್ ಸಮಸ್ಯೆ ಇರುತ್ತಿತ್ತು. 'ಬಿಳಿಯದು ಎರಡು ನಡೆಯಲ್ಲಿ ಗೆಲ್ಲಬೇಕು. ಉತ್ತರ ಮುಂದಿನ ವಾರ.' ಆ ಮುಂದಿನ ವಾರದ ಪೇಪರ್ ಯಾವ ಪುಣ್ಯಾತ್ಮರ ಬಂಗಡೆಗೆ ಸುತ್ತಿ ಹೋಗಿರುತ್ತಿತ್ತೋ! ಒಂದು ಸಲವೂ ಉತ್ತರ ಸಿಗಲಿಲ್ಲ.

ಹಾಗಾಗಿ ಅಪ್ಪನೇ ಉತ್ತರಪತ್ರಿಕೆ. ಚಿತ್ರದಲ್ಲಿದ್ದ ಹಾಗೆ ಕಾಯಿ ಜೋಡಿಸಿ ನಾನು ಬಿಳಿ ನಡೆಸುತ್ತಿದ್ದೆ, ಅಪ್ಪ ಕಪ್ಪು. "ಎಂತ ಹಾರಾಡ್ತೀಯೇ, ನನ್ನ ರಾಜ ಇಲ್ಲಿಂದ ಓಡಿದ ನೋಡು" ಅಂತ ಸಂದಿಗೊಂದಿಗಳಲ್ಲೆಲ್ಲ ನುಸುಳುತ್ತಿದ್ದ. ಅವನಿಗೆ ಎಲ್ಲಿಯೂ ಜಾಗ ಸಿಗದಂತೆ ಮಾಡಿದ ಮೇಲೆಯೇ ಉತ್ತರ ಸರಿ ಅಂತ ಲೆಕ್ಕ. ನನ್ನ ನಡೆಗಿಂತ ಮೊದಲು ಎದುರಿನವನ ನಡೆ ಯೋಚಿಸಬೇಕು ಅಂತ ನಾನು ಕಲಿತದ್ದು ಹಾಗೆ. ಗಂಜಿ ತಣ್ಣಗಾಗುತ್ತಿತ್ತು, ಸುಟ್ಟ ಶೆಟ್ಲಿ ಮೀನಿನ ಚಟ್ನಿಯನ್ನು ಬೆಕ್ಕು ಮೂಸುತ್ತಿತ್ತು, ಅಮ್ಮ ಒಳಗಿಂದ ಬೈಯುತ್ತಿದ್ದಳು. ಮಳೆಗಾಲ ಮುಗಿಯುವುದರೊಳಗೆ ನಾನು ಅಪ್ಪನನ್ನು ಐದರಲ್ಲಿ ನಾಲ್ಕು ಆಟ ಸೋಲಿಸುತ್ತಿದ್ದೆ.

ಒಂದು ದಿನ ಸಿಕ್ಕ ಚಿತ್ರದಲ್ಲಿ ಬಿಳಿಗೆ ಎರಡು ರಾಣಿ. "ಪ್ರೆಸ್ಸಿನವರಿಗೆ ತಲೆ ಕೆಟ್ಟದೆ" ಅಂದ ಅಪ್ಪ. ಕೆಳಗೆ ಸಣ್ಣ ಅಕ್ಷರದಲ್ಲಿ ವಿವರಣೆ ಇತ್ತು: ಸಿಪಾಯಿ ಕೊನೆಯ ಮನೆ ಮುಟ್ಟಿದರೆ, ಹಲಗೆಯ ಮೇಲೆ ರಾಣಿ ಬದುಕಿದ್ದರೂ ಇನ್ನೊಂದು ರಾಣಿ ಪಡೆಯಬಹುದು. ಸತ್ತ ಕಾಯಿ ಮಾತ್ರ ವಾಪಸ್ ಬರುವುದು ಅಂತಲೇ ನಾವು ಆಡುತ್ತಿದ್ದದ್ದು. ಅಪ್ಪ ಎರಡು ಸಲ ಓದಿದ. "ಆತು. ಇಷ್ಟು ವರ್ಷ ನಾ ಆಡಿದ್ದೇ ತಪ್ಪು" ಅಂದ. ಒಣಮೀನಿನ ವಾಸನೆ ಹಿಡಿದಿದ್ದ ಆ ತುಂಡನ್ನು ಕತ್ತರಿಸಿ ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡೆ.

ಆ ವರ್ಷ ಭಟ್ಕಳದಲ್ಲಿ ತಾಲೂಕಿನ ಶಾಲೆಗಳ ಚೆಸ್ ಪಂದ್ಯ. ಗೆದ್ದವರು ಕುಮಟೆಗೆ ಹೋಗಬೇಕು. ನಾನು ಹೊನ್ನಾವರ ದಾಟಿದವಳಲ್ಲ. ಕುಮಟೆ ನನಗೆ ಬೇಕೇ ಬೇಕಿತ್ತು. ಮೂರು ಜನರನ್ನು ಸೋಲಿಸಿ ಫೈನಲ್ಲಿಗೆ ಬಂದೆ. ಎದುರಿಗೆ ಪೇಟೆ ಶಾಲೆಯ ಹುಡುಗ. ಒಳ್ಳೆಯ ಆಟಗಾರ, ಆದರೆ ಅವನು ನೋಡುತ್ತಿದ್ದದ್ದು ತನ್ನ ಕಾಯಿಗಳನ್ನು ಮಾತ್ರ. ನನ್ನ ಅಂಚಿನ ಸಿಪಾಯಿ ಒಂದೊಂದೇ ಮನೆ ನಡೆದು ಕೊನೆ ಮುಟ್ಟಿತು. ಇನ್ನೊಂದು ರಾಣಿ ಬೇಕು ಅಂದೆ.

ತೀರ್ಪು ಹೇಳಲು ಕೂತಿದ್ದ ಡ್ರಿಲ್ ಮಾಸ್ತರರು ನಕ್ಕರು. "ನಿನ್ನ ರಾಣಿ ಅಲ್ಲೇ ನಿಂತಿದ್ದಾಳಲ್ಲ ಹುಡುಗಿ! ಒಬ್ಬ ರಾಜನಿಗೆ ಎಷ್ಟು ಹೆಂಡ್ತಿ?"

ಸುತ್ತ ನಿಂತ ಹುಡುಗರು ಹೋ ಅಂದರು. ನಾನು ಕಂಪಾಸ್ ತೆಗೆದು ಪೇಪರ್ ತುಂಡನ್ನು ಅವರ ಮುಂದೆ ಹಿಡಿದೆ. ಅವರು ಕೈ ಮುಂದೆ ಚಾಚಲಿಲ್ಲ, ಮೂಗು ಮುಚ್ಚಿಕೊಂಡರು.

"ಮೀನು ಕಟ್ಟಿದ ಕಾಗದ ನನಗೆ ರೂಲ್ ಹೇಳ್ತದಾ? ಸತ್ತ ಆನೆ ಇದೆ, ತಗೊಂಡು ಆಡು."

ನಿಜ ಹೇಳುತ್ತೇನೆ, ಆನೆ ತೆಗೆದುಕೊಂಡರೂ ಆಟ ನನ್ನದೇ ಆಗಿತ್ತು. ನಮ್ಮ ಶಾಲೆಯ ಅಕ್ಕೋರು ಹಿಂದಿನಿಂದ ಬಗ್ಗಿ, "ತಗೊಂಬಿಡೇ, ಹೇಗೂ ಗೆಲ್ತೀಯಲ್ಲ" ಅಂತ ಪಿಸುಗುಟ್ಟಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಮ್ಮ ಹೊತ್ತು ಮಾರುವ ಮೀನಿಗೆ ಮೂಗು ಮುಚ್ಚಿದವರ ಕೈಯಿಂದ ಆನೆ ತೆಗೆದುಕೊಳ್ಳಬೇಕಾ?

"ಪೇಪರ್ ಓದಿ ಸರ್. ಆಮೇಲೆ ಆಡ್ತೆ."

"ಐದು ನಿಮಿಷ ಕೊಡ್ತೇನೆ. ಇಲ್ಲದಿದ್ರೆ ಅವನೇ ಗೆದ್ದ."

ಕೈ ಕಟ್ಟಿ ಕೂತೆ. ಐದು ನಿಮಿಷ ಆಯಿತು. ಕುಮಟೆಗೆ ಆ ಹುಡುಗ ಹೋದ.

ಮನೆಯಲ್ಲಿ ಅಪ್ಪ ಪೂರ್ತಿ ಕೇಳಿದ. "ಆನೆ ತಗೊಂಡಿದ್ರೆ ಗೆಲ್ತಿದ್ಯಾ?"

"ಹೌದು."

"ಮತ್ತೆ ಎಂತಕ್ಕೆ ತಗೊಳ್ಳಿಲ್ಲ?"

"ನಂಗೆ ಬರಬೇಕಾದ್ದು ರಾಣಿ."

ಬೈಯುತ್ತಾನೆ ಅಂದುಕೊಂಡೆ. ಅವನು ಹಲಗೆ ಬಿಡಿಸಿದ. "ಆಟ ಎಲ್ಲಿಗೆ ನಿಂತಿತ್ತೋ ಹಾಗೇ ಇಡು." ಇಟ್ಟೆ. ಎರಡನೇ ರಾಣಿ ಇಲ್ಲವಲ್ಲ, ಅಪ್ಪ ಬಲೆಯಿಂದ ಒಂದು ಸೀಸದ ಗುಂಡು ಬಿಚ್ಚಿ ಆ ಮನೆಯಲ್ಲಿ ಕೂರಿಸಿ, "ತಗೋ, ನಿನ್ನ ರಾಣಿ. ಆಡು" ಅಂದ. ಮೂರೇ ನಡೆಯಲ್ಲಿ ಅವನ ರಾಜ ಸಿಕ್ಕಿಬಿದ್ದ. ಅವತ್ತು ಅಪ್ಪ ಸೋತಷ್ಟು ಖುಷಿಯಿಂದ ಯಾರೂ ಸೋತದ್ದನ್ನು ನಾನು ಮತ್ತೆ ಕಂಡಿಲ್ಲ.

ಈಗ ಕುಮಟೆಯಲ್ಲೇ ನೌಕರಿ. ಮೊಬೈಲಿನಲ್ಲಿ ಆಡಿದರೆ ಸಿಪಾಯಿ ಕೊನೆ ಮುಟ್ಟುವುದೇ ತಡ, ಕೇಳುವ ಮೊದಲೇ ರಾಣಿ ಬಂದು ನಿಲ್ಲುತ್ತಾಳೆ. ಅವಳಿಗಾಗಿ ಯಾರೂ ಕೈ ಕಟ್ಟಿ ಕೂರಬೇಕಾಗಿಲ್ಲ. ಆಟದಲ್ಲಿ ಮೊದಲಿಗಿಂತ ಚುರುಕಾಗಿದ್ದೇನೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹೋದ ತಿಂಗಳು ಕಚೇರಿಯಲ್ಲಿ ನನಗೆ ಬರಬೇಕಾದ ಬಡ್ತಿಯ ಜಾಗವನ್ನು ಬೇರೆಯವರಿಗೆ ಕೊಟ್ಟರು. ಅದಕ್ಕಿಂತ ಚಿಕ್ಕದೊಂದನ್ನು ನನ್ನ ಮುಂದಿಟ್ಟು, "ಸದ್ಯಕ್ಕೆ ಇದನ್ನು ತಗೊಳ್ಳಿ ಮೇಡಂ, ನಿಮಗೇನೂ ನಷ್ಟ ಇಲ್ಲ" ಅಂದರು. ನಾನು ಸಹಿ ಹಾಕಿ, ಥ್ಯಾಂಕ್ಸ್ ಬೇರೆ ಹೇಳಿ ಬಂದೆ.