ಕಟಿಂಗ್ ಶಾಪಿನ ಕನ್ನಡಿ

ನನ್ನ ಗೆಳೆಯನ ಸ್ಟುಡಿಯೋ ಎಂದರೆ ನ್ಯಾಮತಿ ಪೇಟೆಯಲ್ಲಿ ಮುಚ್ಚಿಹೋದ ಒಂದು ಕಟಿಂಗ್ ಶಾಪು. ಬಾಡಿಗೆಗೆ ಹಿಡಿದಾಗ ಕುರ್ಚಿಗಳನ್ನು ಸಾಗಹಾಕಿ, ಗೋಡೆಯುದ್ದದ ಕನ್ನಡಿಯನ್ನು ಮಾತ್ರ ಉಳಿಸಿಕೊಂಡ. ಚಿತ್ರ ಬರೆಯುತ್ತಾ ಬರೆಯುತ್ತಾ ಕಣ್ಣು ಅದರ ತಪ್ಪಿಗೆ ಒಗ್ಗಿಹೋಗುತ್ತದೆ. ಕನ್ನಡಿಯಲ್ಲಿ ಎಡ ಬಲವಾದಾಗ ಊನ ತಟ್ಟನೆ ಕಾಣುತ್ತದೆ. ಅದಕ್ಕೇ ಅವನು ಗಂಟೆಗೊಮ್ಮೆ ಬ್ರಷ್ ಇಟ್ಟು, ಚಿತ್ರಕ್ಕೆ ಬೆನ್ನು ಮಾಡಿ, ಕನ್ನಡಿ ನೋಡುತ್ತಾ ನಿಲ್ಲುತ್ತಾನೆ. ದಾರಿಹೋಕರು ಕ್ಷೌರಕ್ಕೆ ಕಾದವನು ಅಂದುಕೊಳ್ಳಬೇಕು.

ನಾನು ಹೊನ್ನಾಳಿಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಚಿತ್ರಕಲೆ ಇಬ್ಬರೂ ಒಟ್ಟಿಗೆ ಕಲಿತೆವು. ಮೊದಲ ಬಹುಮಾನ ಪ್ರತಿ ವರ್ಷ ನನಗೇ. ಜಗಳೂರು ಕಡೆಯ ಸೊಕ್ಕೆಯಿಂದ ಬಂದ ಇವನಿಗೆ ಮನುಷ್ಯರ ಕೈಕಾಲು ಬರೆಯಲು ತೋರಿಸಿಕೊಟ್ಟವನೇ ನಾನು. ಈಗ ನಾನು ವಾರ್ಷಿಕೋತ್ಸವದ ಬ್ಯಾನರಿಗೆ ಅಕ್ಷರ ಬರೆಯುತ್ತೇನೆ, ರಂಗೋಲಿ ಸ್ಪರ್ಧೆಗೆ ತೀರ್ಪು ಕೊಡುತ್ತೇನೆ. ಅವನು ಬೆಳಿಗ್ಗೆ ಶೆಟರ್ ಎತ್ತಿದರೆ ಸಂಜೆಯವರೆಗೆ ಚಿತ್ರ, ಚಿತ್ರ. ಅವನ ಒಣಗಿದ ಬಣ್ಣದ ತಟ್ಟೆ ಕಂಡರೂ ನನಗೆ ಹೊಟ್ಟೆ ಉರಿಯುತ್ತದೆ. ಕೈಲಾಗದವನು ಮೈ ಪರಚಿಕೊಂಡ ಅನ್ನಿ, ಬೇಸರವಿಲ್ಲ.

ಆದರೂ ಪ್ರತಿ ಚಿತ್ರ ಮುಗಿದಾಗ ಅವನು ಫೋನ್ ಮಾಡುವುದು ನನಗೇ. ತಪ್ಪು ಹುಡುಕುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ನನ್ನಲ್ಲಿ ಉಳಿದ ವಿದ್ಯೆ ಅದೊಂದೇ.

ಹೋದ ಭಾನುವಾರ ಹೋದೆ. ಬೆಂಗಳೂರಿನ ಪ್ರದರ್ಶನಕ್ಕೆ ಕಳಿಸಬೇಕಿದ್ದ ಚಿತ್ರ: ರಸ್ತೆಯ ಮೇಲೆ ಹರವಿದ ಮೆಕ್ಕೆಜೋಳ, ಅದರೊಳಗೆ ಕಾಲಾಡಿಸುತ್ತಾ ಕಾಳು ತಿರುವುತ್ತಿರುವ ಹೆಂಗಸು. ಆ ಹಳದಿ, ಆ ಪಾದಗಳು! ದಿನಾ ಬೈಕಿನಲ್ಲಿ ಬೈದುಕೊಂಡು ಬಳಸಿ ಹೋಗುವ ಜೋಳವನ್ನು ನಾನು ಒಮ್ಮೆಯೂ ನಿಂತು ನೋಡಿರಲಿಲ್ಲ. ಎದೆಗೆ ಕೆಂಡ ಬಿದ್ದಂತಾಯಿತು.

ಆಗ ಚಿತ್ರದ ಮೂಲೆಯಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿ ಕಂಡಿತು. ಹಿಂದಿನ ದಿನವಷ್ಟೇ ಬರೆದದ್ದು, ಬಣ್ಣ ಇನ್ನೂ ಹಸಿ. ಕಣ್ಣು ಪಾದಗಳನ್ನು ಬಿಟ್ಟು ಅಲ್ಲಿಗೇ ಓಡುತ್ತಿತ್ತು. ಅದನ್ನು ತೆಗೆದರೆ ಚಿತ್ರ ಗೆಲ್ಲುತ್ತದೆ, ಬಿಟ್ಟರೆ ಕೆಡುತ್ತದೆ.

ಕನ್ನಡಿಯತ್ತ ಮುಖ ಮಾಡಿ ನಿಂತಿದ್ದ ಅವನ ಪಕ್ಕಕ್ಕೆ ಹೋಗಿ ನಾನೂ ಕನ್ನಡಿಯಲ್ಲೇ ಚಿತ್ರ ನೋಡತೊಡಗಿದೆ. ಅವನು ಕೇಳಿದ: “ಎಲ್ಲೋ ಒಂದು ಕಡೆ ಸರಿ ಇಲ್ಲ ಅನಸ್ತೈತೆ ಮಾರಾಯ. ಹೆಂಗೈತೆ, ಹೇಳು.”

“ಚೆನ್ನಾಗೈತೆ,” ಎಂದೆ. “ಇನ್ನೇನೂ ಮುಟ್ಟಾಕೆ ಹೋಗಬ್ಯಾಡ.”

ಕೆಡಲಿ ಎಂದೇ ಹೇಳಿದೆ.

ಅವನು ಕನ್ನಡಿಯಲ್ಲೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಬಟ್ಟೆಯ ಚೂರನ್ನು ಟರ್ಪಂಟೈನಿನಲ್ಲಿ ಅದ್ದಿ, ತಿರುಗಿ ಬಂದು, ಕೆಂಪು ಕುರ್ಚಿಯನ್ನು ಒರೆಸಿಹಾಕಿದ. ಅಡಿಯಲ್ಲಿ ಒಣಗಿದ್ದ ಹಳದಿ ಮೇಲೆ ಬಂತು. ಪಾದಗಳು ನಡೆಯತೊಡಗಿದವು.

“ನಾನು ಹೇಳ್ಲೇ ಇಲ್ಲವಲ್ಲ,” ಎಂದೆ.

“ಬಾಯಿ ಹೇಳಲಿಲ್ಲ. ಕಣ್ಣು ಮಾತ್ರ ಕುರ್ಚಿ ಬಿಟ್ಟು ಕದಲಲಿಲ್ಲ. ಕನ್ನಡೀಲಿ ಕಾಣ್ತಿತ್ತು.”

ಅಷ್ಟು ಹೇಳಿ ಚಹಾ ತರಲು ಹೋದ. ನನ್ನ ಕಣ್ಣು ಕಂಡವನಿಗೆ ಮುಖ ಕಾಣದೇ ಇರುತ್ತದೆಯೇ? ಎಲ್ಲ ಕಂಡೂ, ನನಗೆ ಬೇಕಾದ ಹಾಗೆ ಸಕ್ಕರೆ ಕಡಿಮೆ ಹಾಕಿಸಿ ಚಹಾ ತಂದು ಕೈಗಿಟ್ಟ. “ಮುಂದಿನ ಚಿತ್ರಕ್ಕೂ ನೀನೇ ಬರಬೇಕು,” ಎಂದ.

ಅವನ ಈ ಗುಣಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.